ರಹಮತ್‌ಬೀಯ ಹಗ್ಗ

ಮಣ್ಣಿನ ಕೊಡ ಸೊಂಟಕ್ಕೇರಿಸಿ, ಎಡಗೈಯಲ್ಲಿ ಹಗ್ಗ ಸವರುತ್ತ ರಹಮತ್‌ಬೀ ಬಾವಿಗೆ ಹೊರಟಳು. ಸಿಡುಬು ಕಣ್ಣು ಕಿತ್ತುಕೊಂಡ ಮೇಲೆ ಗಂಡ ಇಮಾಮ್‌ಸಾಬ್ ಹೊಸೆದು ಕೊಟ್ಟ ಕತ್ತಾಳೆ ಹಗ್ಗವದು. ಮನೆ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ್ದ. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಜಗಳೂರಿನ ಆ ಓಣಿಯೆಲ್ಲ ಸಂಜೆಯಾದರೆ ತಡವರಿಸುತ್ತಿತ್ತು. ಸಲೀಸಾಗಿ ಓಡಾಡುತ್ತಿದ್ದವಳು ರಹಮತ್‌ಬೀ ಒಬ್ಬಳೇ.

ಅಂದೂ ಹಗ್ಗ ಹಿಡಿದೇ ನಡೆದಳು. ಹಿಡಿದೇ ಬಿದ್ದಳು, ಎದುರುಮನೆ ನಾಗರಾಜಪ್ಪನ ತಿಪ್ಪೆಗುಂಡಿಗೆ. ಕೊಡ ಚೂರಾಯಿತು, ಸೊಂಟದವರೆಗೆ ಸಗಣಿ.

ಓಣಿಯೇ ನೆರೆಯಿತು. ನಾಗರಾಜಪ್ಪನ ಹೆಂಡತಿ ಕಲ್ಲಮ್ಮ ಹೇಳದೆ ಕೇಳದೆ ಅವಳ ರಟ್ಟೆ ಹಿಡಿದು ಎಳೆದಳು. "ಪಾಪ, ಕುರುಡಿ! ದಾರಿ ತಪ್ಪೈತೆ. ಇಮಾಮ್‌ಸಾಬ್ರೇ, ಇವಳನ್ನ ಯಾಕ್ರೀ ಹೊರಗೆ ಬಿಡ್ತೀರಿ?"

ರಹಮತ್‌ಬೀಯ ಮೈ ಉರಿದುಹೋಯಿತು. ಎದುರಿಗೇ ನಿಂತವಳನ್ನು ಬಿಟ್ಟು ಗಂಡನನ್ನು ಕೇಳುತ್ತಾರೆ, ಅವಳ ಕಿವಿಯೂ ಹೋದಂತೆ!

"ಕೈ ಬಿಡ್ರಿ. ನನ್ನ ಮಾತು ನನ್ನನ್ನೇ ಕೇಳ್ರಿ. ದಾರಿ ನಾ ತಪ್ಪಿಲ್ಲ. ಹಗ್ಗ ಬಿಚ್ಚಿದ್ಯಾರು?"

ನಾಗರಾಜಪ್ಪ ಗಂಟಲು ಸರಿಮಾಡಿಕೊಂಡ. "ನಾನೇ ಕಣವ್ವ. ನಿನ್ನೆ ಶೇಂಗಾ ಗಾಡಿ ಒಳಗೆ ಹೊಡೀಬೇಕಿತ್ತು. ಆಮೇಲೆ ನಮ್ಮ ಗೂಟಕ್ಕೆ ಬಿಗಿಯಾಗೇ ಕಟ್ಟೀನಲ್ಲ!"

"ನನ್ನ ದಾರೀನ ಒಯ್ದು ನಿಮ್ಮ ತಿಪ್ಪೆಗೆ ಕಟ್ಟೀರಿ."

"ತಪ್ಪಾತು ಬಿಡವ್ವ. ನಾಳೆಯಿಂದ ಕಲ್ಲಮ್ಮ ನಿಮ್ಮನಿಗೂ ನೀರು ತಂದು ಹಾಕ್ತಾಳೆ. ನೀ ಆರಾಮಾಗಿ ಕುಂತಿರು."

ಎಂಥ ದೊಡ್ಡ ಮನಸ್ಸು ಎಂದು ಜನ ತಲೆದೂಗಿದರು. ಇಮಾಮ್‌ಸಾಬ್ ಕೂಡ ಮೆಲ್ಲಗೆ, "ಹೂಂ ಅನ್ನು. ನಿನ್ನ ಒಳ್ಳೇದಕ್ಕೇ ಹೇಳ್ತಾರೆ," ಎಂದ.

ಗುಂಡಿಗೆ ಬಿದ್ದದ್ದಕ್ಕಿಂತ ಈ ಮಾತೇ ಅವಳಿಗೆ ಹೆಚ್ಚು ನೋಯಿತು. ಇಂದು ಹೂಂ ಅಂದರೆ ಮೊದಲು ನೀರು, ಮುಂದೆ ಒಲೆ, ಆಮೇಲೆ ಮೂಲೆಯಲ್ಲೊಂದು ಚಾಪೆ. ಸಿಡುಬು ಕಣ್ಣನ್ನಷ್ಟೇ ಒಯ್ದಿತ್ತು. ಈ ಒಳ್ಳೆಯ ಜನ ಕಾಲನ್ನೂ ಕೇಳುತ್ತಿದ್ದರು.

"ನೀರು ಬ್ಯಾಡ. ಹಗ್ಗ ಎಲ್ಲಿತ್ತೋ ಅಲ್ಲೇ ಕಟ್ರಿ. ಬಿಚ್ಚಾಕೆ ಬೇಕಾದ್ರೆ ನಂಗೆ ಹೇಳಿ ಬಿಚ್ರಿ. ನಂಗೂ ಒಂದು ಹೆಸರೈತೆ, ಅದ್ರಲ್ಲೇ ಕರೀರಿ."

"ಅಬ್ಬಬ್ಬಾ, ಏನು ಸೊಕ್ಕು!" ಎಂದರು ಯಾರೋ.

ನಾಗರಾಜಪ್ಪ ತನ್ನ ಗೂಟವನ್ನು ನೋಡಿದ. ಅದು ಗುಂಡಿಯ ಅಂಚಿನಲ್ಲೇ ಇತ್ತು. ದಿನಾ ನೋಡುವ ಗೂಟ, ನಿನ್ನೆ ಕಟ್ಟುವಾಗ ಗುಂಡಿ ನೆನಪಾಗಿರಲಿಲ್ಲ. ಹೋಗಿ ಗಂಟು ಬಿಚ್ಚಿ, ಹಗ್ಗವನ್ನು ಹಳೆಯ ಗೂಟಕ್ಕೆ ಕಟ್ಟಿದ. ರಹಮತ್‌ಬೀ ಜೋರಾಗಿ ಜಗ್ಗಿ ನೋಡಿದಳು.

ಮರುದಿನ ಅವಳು ಬೇರೊಂದು ಕೊಡ ತುಂಬಿ ಹೊತ್ತು ಬರುತ್ತಿದ್ದಾಗ ಗಾಡಿಯ ಸದ್ದು ಹಗ್ಗದ ಹತ್ತಿರ ಬಂದು ನಿಂತಿತು.

"ರಹಮತ್‌ಬೀ, ಗಾಡಿ ಬಂದೈತೆ. ಹಗ್ಗ ಬಿಚ್ಲಾ?"

"ತಾಳ್ರಿ. ನಾ ಮನೆ ಸೇರ್ತೀನಿ."

ನಾಗರಾಜಪ್ಪ ಎತ್ತುಗಳನ್ನು ಜಗ್ಗಿ ಹಿಡಿದ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೆಜ್ಜೆಯನ್ನು ಸ್ವಲ್ಪವೂ ಚುರುಕು ಮಾಡಲಿಲ್ಲ. ಕೊಡ ಇಳಿಸಿ, ಬಾಗಿಲ ಬಳಿಯ ಗೂಟದಲ್ಲಿದ್ದ ಹಗ್ಗದ ತುದಿ ಹಿಡಿದು ನಿಂತು, "ಈಗ ಬಿಚ್ರಿ," ಎಂದಳು.

ಗಾಡಿ ದಾಟಿ ಹೋಗಿ ಹಗ್ಗ ಮತ್ತೆ ಬಿಗಿಯಾಗುವವರೆಗೂ ಅವಳ ಕೈ ಅದರ ಮೇಲೇ ಇತ್ತು.