ಕೈಗೊಂದು ಹಳೆಯ ಪದ

"ಬೈತಲೆ ಎಡಕ್ಕೆ ತೆಗೀರಿ ಅತ್ತಿಗೆ, ಬಲಕ್ಕಲ್ಲ."

"ಇಷ್ಟು ವರ್ಷ ಬಾಚಿಕೊಳ್ಳದ ತಲೆ, ಇವತ್ತು ಯಾವ ಕಡೆಯಾದ್ರೇನು ಬಿಡು," ಎಂದು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡನ ತಲೆ ಬಾಚುತ್ತಲೇ ತಾಯಿ ಮೈದುನನಿಗೆ ಉತ್ತರಿಸಿದಳು.

ಬಾಗಿಲಲ್ಲಿ ನಿಘಂಟು ಕಚೇರಿಯ ಸಂಪಾದಕರು ಅಚ್ಚಿನ ಕರಡು ಹಿಡಿದು ಹಿಂಜರಿಯುತ್ತಿದ್ದರು. ತಾಯಿಯ ಪಕ್ಕದಲ್ಲಿದ್ದ ಮಗಳು ಎದ್ದು ಅವರ ಬಳಿ ಹೋದಳು.

"ಇವತ್ತು ಕೇಳಬಾರದಮ್ಮಾ. ಆದ್ರೆ ಸಂಜೆ ಪುಟ ಅಚ್ಚಿಗೆ ಹೋಗುತ್ತೆ. ನಿಮ್ಮಪ್ಪ ಒಂದು ಪದದ ಮೂಲ ಬರೆದು ಮುಗಿಸಲಿಲ್ಲ. ಇಂಗ್ಲಿಷ್, ಜರ್ಮನ್‌ಗೆಲ್ಲ ತಾಯಿಯಾದ ಜರ್ಮಾನಿಕ್ ನುಡಿಯಲ್ಲಿ ಕೈಗಿದ್ದ ಹಳೇ ಪದ, ಹಂದುಜ್ ಅಂತ; ಇಂಗ್ಲಿಷಿನ ಹ್ಯಾಂಡ್ ಅದರಿಂದಲೇ ಬಂದಿದ್ದು."

"ಇನ್ನೂ ಅದೇನಾ?" ಚಿಕ್ಕಪ್ಪ ಒಳಗಿನಿಂದಲೇ ಅಂದ. "ನಮ್ಮಣ್ಣ ಮದುವೆಗೆ ಮುಂಚೆ ಶುರು ಮಾಡಿದ್ದು!"

ಸಂಪಾದಕರು ದನಿ ತಗ್ಗಿಸಿದರು. "ಹಿಡಿಯೋದು ಅನ್ನೋ ಅರ್ಥದ ಮಾತಿಂದ ಬಂದಿರಬಹುದು ಅಂತ ಕೆಲವರ ಊಹೆ. ಅದೇ ಖಚಿತ ಅಂತ ಹಾಕಿದ್ರೆ ಕೆಳಗೆ ನಿಮ್ಮಪ್ಪನ ಹೆಸರು ಬರುತ್ತೆ. ಮೂಲ ತಿಳಿಯದು ಅಂದ್ರೆ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ."

ಅಪ್ಪನ ಹೆಸರು ಈವರೆಗೆ ಯಾವ ಪುಸ್ತಕದಲ್ಲೂ ಬಂದಿರಲಿಲ್ಲ. ಒಮ್ಮೆಯಾದರೂ ನೋಡಬೇಕೆಂದು ಮಗಳಿಗೆ ಬಹಳ ಆಸೆಯಿತ್ತು.

* * *

ಅವಳು ಚಿಕ್ಕವಳಿದ್ದಾಗ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಅದೇ ಪದ ಬರೆದು, ಮುಂದೆ ಒಂದು ನಕ್ಷತ್ರ ಹಾಕಿದ್ದ.

"ಇದ್ಯಾಕಪ್ಪಾ?"

"ಇದನ್ನ ಬರಹದಲ್ಲಿ ಯಾರೂ ಕಂಡಿಲ್ಲ ಅಂತ ಗುರುತು. ಆಡ್ತಿದ್ದೋರು ಮಣ್ಣಾಗಿ ಎಷ್ಟೋ ಕಾಲ ಆಯ್ತು."

"ಮತ್ತೆ ನಿಂಗೆ ಹೆಂಗೆ ಗೊತ್ತು?"

"ಮೊಮ್ಮಕ್ಕಳ ಮೂಗೆಲ್ಲ ಒಂದೇ ಥರ ಇದ್ರೆ, ಅಜ್ಜಿ ಮೂಗು ಹೆಂಗಿತ್ತು ಅಂತ ಹೇಳಬಹುದಲ್ವಾ? ಹಂಗೆ. ಆದ್ರೆ ಆ ಅಜ್ಜಿಗೆ ಅದು ಯಾರಿಂದ ಬಂತು? ಅಲ್ಲಿಂದಾಚೆ ಏನೂ ಕಾಣ್ಸಲ್ಲ ಪುಟ್ಟೀ."

ಸೋತವನ ಮಾತಿನಂತಿರಲಿಲ್ಲ ಅದು. ಸಮುದ್ರವನ್ನು ಮೊದಲ ಸಲ ಕಂಡವನಂತೆ ಅವನು ಉಸಿರು ಬಿಗಿಹಿಡಿದು ಕೂತಿದ್ದ.

* * *

"ತಿಳಿಯದು ಅಂತಲೇ ಹಾಕಿ," ಎಂದಳು ಮಗಳು.

"ಹೆಸರು ಬರಲ್ಲಮ್ಮಾ. ಇನ್ನೊಂದು ಸಲ ಯೋಚನೆ ಮಾಡಿ."

"ಮಾಡಿದೆ. ಬದುಕಿದ್ದಾಗ ಹೇಳದ್ದನ್ನ ಈಗ ಅಪ್ಪನ ಬಾಯಲ್ಲಿ ಹೇಳಿಸೋದು ಬೇಡ." ಸಂಪಾದಕರು ಗೋಡೆಗೆ ಕರಡನ್ನು ಒತ್ತಿ 'ಮೂಲ ತಿಳಿಯದು' ಎಂದು ಎರಡು ಪದ ಬರೆದು, ಮಡಚಿ ಜೇಬಿಗಿಟ್ಟರು.

ಹೊರಡುವ ಹೊತ್ತಾಗಿತ್ತು. ಪೆಟ್ಟಿಗೆಯ ಸುತ್ತ ಜನ ಬಾಗಿದರು: ಎದುರು ಮನೆಯ ಬಣ್ಣ ಬಳಿಯುವವನು, ಚಿಕ್ಕಪ್ಪ, ಸಂಪಾದಕರು, ಶವ ಒಯ್ಯುವ ವ್ಯಾನಿನ ಚಾಲಕ, ಮಗಳು. ಉಗುರಲ್ಲಿ ಬಣ್ಣ ಉಳಿದ ಬೆರಳು, ಶಾಯಿ ಮೆತ್ತಿದ ಬೆರಳು, ಸ್ಟೀರಿಂಗ್ ಹಿಡಿದು ಒರಟಾದ ಬೆರಳು. ಮರದ ಅಂಚಿನ ಮೇಲೆ ಅವೆಲ್ಲ ಒಟ್ಟಿಗೆ ಮಡಚಿಕೊಂಡು ಪೆಟ್ಟಿಗೆಯನ್ನು ಹಿಡಿದವು.