ಬಿಟ್ಟುಬಿಡಿ ಎಂಬ ಮಾತು

ಕಾಲರು ಮುಗಿಸಿ ತೋಳಿಗೆ ಬಂದಿದ್ದಳು ಇಸ್ತ್ರಿಯಮ್ಮ. ಯಾರೋ ಡಾಕ್ಟರ ಬಿಳಿ ಕೋಟು. ಬಿಳಿ ಬಟ್ಟೆ ಮೇಜಿನ ಮೇಲೆ ಬಿತ್ತೆಂದರೆ ಅವಳಿಗೆ ಮೈಯೆಲ್ಲ ಕಣ್ಣು. ಕಾವು ಚೂರು ಹೆಚ್ಚಾಯಿತೋ, ಹಳದಿ ಮಚ್ಚೆ ಬಿತ್ತೆಂದೇ ಲೆಕ್ಕ. ಆಮೇಲೆ ಯಾವ ಸೋಪಿಗೂ ಅದು ಜಗ್ಗುವುದಿಲ್ಲ. ನೀರು ಚಿಮುಕಿಸಿ, ಎಡಗೈಯಲ್ಲಿ ತೋಳನ್ನು ಎಳೆದು ಹಿಡಿದು, ಬಲಗೈಯ ಪೆಟ್ಟಿಗೆಯನ್ನು ಇಳಿಸುವುದಕ್ಕೂ ಅವಳ ಮೂಗಿನ ಕೆಳಗೆ ಒಂದು ಮೈಕು ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಟೀವಿಯವನು. ಅವನ ಬೆನ್ನಿಗೆ ಕ್ಯಾಮೆರಾ ಹೊತ್ತ ಇನ್ನೊಬ್ಬ. ದೇಶದ ಅಧ್ಯಕ್ಷರು ಕ್ಷಮಾದಾನ ಕೊಡಲಿರುವ ಕೈದಿಗಳ ಪಟ್ಟಿ ಹೊರಬಿದ್ದಿದೆಯಂತೆ, ಅದರಲ್ಲಿ ಅವಳ ಮಗನನ್ನು ಕೊಂದವನ ಹೆಸರೂ ಇದೆಯಂತೆ. ಒಂದೇ ಉಸಿರಿಗೆ ಇಷ್ಟನ್ನೂ ಹೇಳಿ, ಅವನನ್ನು ಏನು ಮಾಡಬೇಕು ಅನ್ನುತ್ತೀರಿ ಎಂದು ಕೇಳಿದ.

ಪೆಟ್ಟಿಗೆ ನಿಂತಲ್ಲೇ ನಿಂತಿತ್ತು. ಅವಳ ಕಣ್ಣು ಕೋಟಿನ ಮೇಲೆ.

"ಬಿಟ್ಬಿಡಪ್ಪಾ," ಅಂದಳು.

ಅವನು ಮೈಕನ್ನು ಇನ್ನಷ್ಟು ಹತ್ತಿರ ತಂದ.

"ಬಿಟ್ಬಿಡಿ ಅಂದ್ನಲ್ಲ. ಬಿಟ್ಬಿಡಿ."

ನನ್ನ ಪಾಡಿಗೆ ನನ್ನನ್ನು ಬಿಡಿ, ಬಟ್ಟೆ ಸುಟ್ಟು ಹೋಗುವ ಮೊದಲು ಬಾಗಿಲಿಂದಾಚೆ ನಡೆಯಿರಿ ಎಂದು ಅವಳ ಮಾತಿನ ಅರ್ಥ. ಅವರು ಥ್ಯಾಂಕ್ಸ್ ಹೇಳಿ ನಡೆದೇಬಿಟ್ಟರು. ಇಷ್ಟು ಸುಲಭವಾಗಿ ತೊಲಗಿದರಲ್ಲ ಎಂದು ಅವಳಿಗೆ ಸಮಾಧಾನವೂ ಆಯಿತು.

ಸಂಜೆ ಎದುರಿನ ಟೀ ಅಂಗಡಿಯ ಟೀವಿಯಲ್ಲಿ ಅವಳ ಮುಖ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಬಿಟ್ಟುಬಿಡಿ: ಮಗನ ಕೊಲೆಗಾರನಿಗೆ ಹೆತ್ತ ತಾಯಿಯ ಕ್ಷಮೆ.’

ಆ ಕೊಲೆಯ ಕತೆ ಬೀದಿಗೆಲ್ಲ ಗೊತ್ತಿದ್ದದ್ದೇ. ಅವಳ ಮಗನೂ ಕೊಂದವನೂ ಸೇರಿ ಒಂದು ಗ್ಯಾರೇಜು ನಡೆಸುತ್ತಿದ್ದರು. ಚಡ್ಡಿ ಹಾಕಿಕೊಳ್ಳುವ ವಯಸ್ಸಿನಿಂದ ಜೋಡಿ. ಅವನಿಗೆ ತಾಯಿ ಇರಲಿಲ್ಲ, ಇವಳ ಮನೆಯ ತಟ್ಟೆಯಲ್ಲೇ ಉಂಡು ಬೆಳೆದವನು, ಇವಳನ್ನೇ ಅಮ್ಮ ಅನ್ನುತ್ತಿದ್ದ. ಒಂದು ದಿನ ಯಾವುದೋ ಗಿರಾಕಿಯ ಕಾರಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಅವನು ಕೈಯಲ್ಲಿದ್ದ ಸ್ಪ್ಯಾನರಿನಿಂದ ತಲೆಗೆ ಬೀಸಿದ. ಮಗ ಬಿದ್ದ. ಅವನು ಶಟರ್ ಎಳೆದು, ಬೀಗ ಜಡಿದು, ಹೊರಟುಹೋದ. ಮಾರನೆಯ ದಿನ ಬಾಗಿಲು ತೆಗೆಸಿದಾಗ ಮಗನ ಜೀವ ಹೋಗಿತ್ತು, ಬೇಗ ಆಸ್ಪತ್ರೆಗೆ ತಂದಿದ್ದರೆ ಬದುಕುತ್ತಿದ್ದ ಎಂದರು ಡಾಕ್ಟರು. ಬೀಗ ಹಾಕಿದ್ದು ಬೇಕೆಂದಲ್ಲ, ದಿನವೂ ಹಾಕುವ ಕೈ ಅಭ್ಯಾಸಬಲದಿಂದ ಹಾಕಿಬಿಟ್ಟಿತು, ಒಳಗಿದ್ದವನು ಸತ್ತಿದ್ದಾನೆಂದೇ ತಿಳಿದಿದ್ದ ಎಂದು ಅವನ ವಕೀಲರು ಕೋರ್ಟಿನಲ್ಲಿ ವಾದಿಸಿದರು. ಕೋರ್ಟು ಜೀವ ಇರುವ ತನಕ ಜೈಲು ಎಂದಿತು.

ಆಗ ಸೊಸೆ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ತವರಿನವರು ಕರೆದರು, ಹೋಗಲಿಲ್ಲ. ಅತ್ತೆ ಮುಂದೆ ಇಸ್ತ್ರಿ ಮಾಡಿದರೆ ಸೊಸೆ ಹಿಂದಿನ ಕೋಣೆಯಲ್ಲಿ ಒಗೆಯುವ ಮೆಷಿನ್ನು ನೋಡಿಕೊಳ್ಳುತ್ತಿದ್ದಳು. ಹೆತ್ತ ಮಗಳು ಕೂಡ ಅಷ್ಟು ಕಾಲ ಜೊತೆಗಿರುತ್ತಿದ್ದಳೋ ಇಲ್ಲವೋ.

ಆ ಸಂಜೆ ಸೊಸೆ ಒದ್ದೆ ಕೈ ಒರೆಸಿಕೊಳ್ಳದೆ ಬಂದು ನಿಂತಳು. ಬಿಟ್ಟುಬಿಡಿ ಅಂದದ್ದು ನಿಜವೇ ಎಂದು ಕೇಳಿದಳು. ಅದು ಆ ಟೀವಿಯವನಿಗೆ ಅಂದದ್ದು ಕಣೇ ಎಂದು ಅತ್ತೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ಹಾಗಿದ್ದರೆ ಹಾಗಂತ ಬರೆದು ಹಾಕಿ ಎಂದಳು ಸೊಸೆ.

ಬರೆಯಲು ಕಾಗದವೇನೋ ಇತ್ತು. ನಿಮ್ಮ ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕ್ಷಮಾದಾನ ಸಮಿತಿಯವರು ಕಳಿಸಿದ ಪತ್ರ ಬಂದು ಎಷ್ಟೋ ದಿನವಾಗಿತ್ತು. ‘ಮಾನ್ಯರೇ’ ಎಂದು ಬರೆದು ಅವಳ ಪೆನ್ನು ಅಲ್ಲೇ ಕುಕ್ಕರಗಾಲಲ್ಲಿ ಕೂತಿತ್ತು. ಬಿಡಿ ಎಂದರೆ ಮಗ ಕನಸಿಗೆ ಬಂದು ಕೇಳಿಯಾನು. ಬೇಡ ಎಂದು ಬರೆಯಹೋದರೆ ಅಮ್ಮಾ ಹಸಿವು ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗನ ಮುಖ ಅಡ್ಡ ಬರುತ್ತಿತ್ತು. ನಾಳೆ ಬರೆದರಾಯಿತು ಎಂದು ತಳ್ಳಿಕೊಂಡೇ ಬಂದಳು.

"ಅತ್ತೆ, ಹೊಡೆದದ್ದನ್ನ ಕೋಪ ಅಂತೀನಿ," ಅಂದಳು ಸೊಸೆ, ದನಿ ಏರಿಸದೆ. "ಕೋಪ ಯಾರಿಗಿಲ್ಲ? ಬೀಗ ಹಾಕಿದ್ದಕ್ಕೆ ಏನಂತೀರಿ? ಅವನು ನಿಮ್ಮ ಮಾತಿಂದ ಆಚೆ ಬಂದ್ರೆ ಈ ಮನೇಲಿ ನಾನಿರಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಅಂದಿನಿಂದ ಅವಳ ಮಾತು, ನೀಲಿ ಅಂಗಿ ಯಾರದ್ದು, ಗಂಜಿ ಹಾಕಬೇಕೋ ಬೇಡವೋ, ಇಷ್ಟಕ್ಕೆ ಇಳಿಯಿತು.

ಊರೆಲ್ಲ ಎರಡಾಯಿತು. ಎರಡು ಪಕ್ಷದವರ ಅಂಗಿಗಳೂ ಅವಳ ಮೇಜಿಗೇ ಬರುತ್ತಿದ್ದುದರಿಂದ ಜಗಳವೂ ಅಲ್ಲಿಗೇ ಬಂತು. ರಿಟೈರಾದ ಮೇಷ್ಟ್ರು ನಿಮ್ಮಂಥ ತಾಯಿ ಉಂಟೇ ಎಂದು ಕಣ್ಣೊರೆಸಿಕೊಂಡರು. ಕೋರ್ಟು ನೋಡುವುದು ಕಾನೂನನ್ನು, ಮನುಷ್ಯನನ್ನು ನೋಡಲಿಕ್ಕೆ ಮೇಲೆ ಒಬ್ಬರು ಬೇಕೆಂದೇ ಅಧ್ಯಕ್ಷರ ಕೈಗೆ ಈ ಅಧಿಕಾರ ಕೊಟ್ಟಿರುವುದು, ಶಿಕ್ಷೆಗೂ ಒಂದು ಕೊನೆ ಇರಬೇಕು ಎಂದು ವಿವರಿಸಿದರು. ಪ್ಯಾಂಟು ತೆಗೆದುಕೊಂಡು ಹೋಗಲು ಬಂದಿದ್ದ ಬಸ್ ಡ್ರೈವರನಿಗೆ ತಡೆಯಲಾಗಲಿಲ್ಲ.

"ಹೋಂವರ್ಕ್ ಮಾಡದೆ ಹೋದ್ರೆ ಬೆಂಚು ಹತ್ತಿಸ್ತಿದ್ರಿ ನನ್ನ. ಒಂದು ದಿನಾನೂ ಕ್ಷಮಾದಾನ ಸಿಗಲಿಲ್ಲ, ಮೇಷ್ಟ್ರೇ."

ಮೇಷ್ಟ್ರು ನಕ್ಕರು, ಆದರೆ ಡ್ರೈವರು ನಗಲಿಲ್ಲ. ಅದೇ ಪಟ್ಟಿಯಲ್ಲಿ ಮಾಜಿ ಮಂತ್ರಿಯ ಭಾವಮೈದುನನೂ ಇದ್ದಾನಲ್ಲ, ಕಲಬೆರಕೆ ಔಷಧಿ ಮಾರಿ ಎಷ್ಟೋ ಮನೆಯ ದೀಪ ಆರಿಸಿದವನು. ಮನುಷ್ಯನನ್ನು ನೋಡುವವರ ಕಣ್ಣು ಮೊದಲು ಅವನ ಮೇಲೇ ಯಾಕೆ ಬಿತ್ತು ಎಂದು ಕೇಳಿದ. ಅವನು ಪ್ಯಾಂಟನ್ನು ಬಗಲಿಗೆ ಸಿಕ್ಕಿಸಿಕೊಂಡು, ಇಸ್ತ್ರಿಯಮ್ಮನ ಮುಖ ಕೂಡ ನೋಡದೆ ಹೋದ. ಮಾರನೆಯ ದಿನದಿಂದ ಅವನ ಬಟ್ಟೆ ಬರಲಿಲ್ಲ.

ಇದಾದ ಮೇಲೆ ಕಪ್ಪು ಕಾರಿನಲ್ಲಿ ಒಬ್ಬರು ಬಂದರು. ಮೈಮೇಲಿನ ಸೂಟಿಗೆ ಇಸ್ತ್ರಿಯ ಅಗತ್ಯವೇ ಇರಲಿಲ್ಲ. ಸಮಿತಿಯ ಕಡೆಯವರಂತೆ. ಕೂರಿ ಎಂದರೆ ಕೂರಲಿಲ್ಲ, ನಿಂತುಕೊಂಡೇ ಸಕ್ಕರೆಯಂಥ ಮಾತಾಡಿದರು. ಈ ವಾರದ ಕೊನೆಗೆ ಸಮಿತಿ ಸೇರುತ್ತದೆ. ಅವಳೇನೂ ತೊಂದರೆ ತೆಗೆದುಕೊಂಡು ಬರೆಯುವುದು ಬೇಡ.

"ಟೀವಿಯಲ್ಲಿ ನೀವೇ ಹೇಳಿದ್ದೀರಲ್ಲ, ಅದನ್ನೇ ಕುಟುಂಬದ ಒಪ್ಪಿಗೆ ಅಂತ ತಗೋತೀವಿ. ನಿಜ ಹೇಳ್ಬೇಕು ಅಂದ್ರೆ ಅಮ್ಮಾ, ನಿಮ್ಮ ಒಂದು ಮಾತಿಂದ ಇಡೀ ಪಟ್ಟಿಗೇ ಮರ್ಯಾದೆ ಬಂತು. ಬಾಯಿ ಮಾಡ್ತಿದ್ದೋರೆಲ್ಲ ತೆಪ್ಪಗಾದ್ರು."

ಔಷಧಿಯವನೂ ತನ್ನ ಸೆರಗಿನ ಮರೆಯಲ್ಲೇ ಹೊರಗೆ ಬರುತ್ತಾನೆ ಹಾಗಾದರೆ. ಬಿಟ್ಟುಬಿಡಿ ಅಂದದ್ದು ಯಾರಿಗೆ ಎಂದು ಅವರಿಗೆ ಹೇಳಹೊರಟಳು. ಅವರು ಕೈಗಡಿಯಾರ ನೋಡಿಕೊಂಡು, ನೀವು ವಿಶ್ರಾಂತಿ ತಗೊಳ್ಳಿ ಎಂದು ಕಾರು ಹತ್ತಿದರು.

ಸೊಸೆ ಹಿಂದಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನ ಮಧ್ಯಾಹ್ನ ಅಟ್ಟದಿಂದ ಅವಳ ಸೂಟ್‌ಕೇಸು ಇಳಿದು ಮಂಚದ ಪಕ್ಕಕ್ಕೆ ಬಂತು.

ಮರುದಿನ ಬಂದವಳು ಮಗನನ್ನು ಕೊಂದವನ ಅಕ್ಕ. ಆಸ್ಪತ್ರೆಯಲ್ಲಿ ಆಯಾ ಕೆಲಸದವಳು. ಕೆಲಸದ ಉಡುಪಿನಲ್ಲೇ ಇದ್ದಳು. ಕೈಯಲ್ಲಿ ಇಸ್ತ್ರಿಗೆ ಕೊಡುವ ಬಟ್ಟೆ ಒಂದೂ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಅಂಚು ಹಿಡಿದುಕೊಂಡಳು. ಆ ತೀರ್ಪಿನ ದಿನದ ನಂತರ ಇಬ್ಬರೂ ಎದುರೆದುರು ಆದದ್ದು ಅದೇ ಮೊದಲು. ಎಲ್ಲಿ ಸಿಕ್ಕರೂ ಇಬ್ಬರೂ ಬೇರೆ ಬೀದಿ ಹಿಡಿಯುತ್ತಿದ್ದರು.

ನಿಮ್ಮ ಮಾತು ಕೇಳಿ ತಮ್ಮ ಜೈಲಿನಲ್ಲಿ ಅತ್ತನಂತೆ ಎಂದಳು. ಅವನನ್ನು ಈ ಊರಿನಲ್ಲಿ ಇಟ್ಟುಕೊಳ್ಳುವುದಿಲ್ಲ, ನಿಮ್ಮ ಕಣ್ಣಿಗೆ ಬೀಳದಷ್ಟು ದೂರ ಕರೆದುಕೊಂಡು ಹೋಗುತ್ತೇನೆ ಎಂದಳು. ಹಿಂದಿನ ಕೋಣೆಯಲ್ಲಿ ಮೆಷಿನ್ನು ಗಡಗಡ ತಿರುಗುತ್ತಿತ್ತು.

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಪ್ಲಗ್ಗು ಕಿತ್ತಳು. ಅವನು ಅರ್ಜಿಯಲ್ಲಿ ಏನೆಂದು ಬರೆದಿದ್ದಾನೆ ಎಂದು ಕೇಳಿದಳು. ಕೋಪದಲ್ಲಿ ಹೊಡೆದೆ, ತಪ್ಪಾಯಿತು, ಕ್ಷಮಿಸಿ ಎಂದು ಬರೆದಿದ್ದಾನೆ ಎಂದಳು ಅಕ್ಕ.

"ಬೀಗ?"

ಆ ಹೊತ್ತಿಗೇ ಒಳಗೆ ಮೆಷಿನ್ನು ನಿಂತಿತು. ಒಗೆದು ಮುಗಿದು ನಿಂತದ್ದೋ, ಸೊಸೆ ನಿಲ್ಲಿಸಿದ್ದೋ. ಅಕ್ಕ ಒಮ್ಮೆ ಆ ಕಡೆ ನೋಡಿದಳು. ಸುಮ್ಮನೆ ಹೊರಟುಹೋಗಬಹುದಿತ್ತು. ಅವಳನ್ನು ಯಾರೂ ಹಿಡಿದು ನಿಲ್ಲಿಸಿರಲಿಲ್ಲ.

"ಸುಳ್ಳಿನ ಮೇಲೆ ನಿಮ್ಮ ಕ್ಷಮೆ ತಗೊಂಡು ಹೋದ್ರೆ ನನಗೆ ಒಳ್ಳೇದಾಗಲ್ಲ, ಅಮ್ಮಾ. ನನ್ನ ಹತ್ರ ಎಲ್ಲ ಹೇಳ್ಕೊಂಡಿದಾನೆ. ಬೀಗ ಹಾಕುವಾಗ ಒಳಗಿಂದ ಕರೆದದ್ದು ಕೇಳಿಸ್ತಂತೆ. ಹೆಸರು ಹಿಡಿದು ಕರೆದ್ನಂತೆ. ಹೆದರಿಕೆಗೆ ಓಡಿಬಿಟ್ಟೆ ಅಂದ. ಅದನ್ನೂ ಬರೀತೀನಿ ಅಂತಿದ್ದ, ವಕೀಲರು ಬೇಡ ಅಂದ್ರು."

ಮೇಜಿನ ಮೇಲಿನ ಅಂಗಿಯ ತೋಳನ್ನು ಇಸ್ತ್ರಿಯಮ್ಮ ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಇಷ್ಟು ವರ್ಷವೂ ಮಗ ನೋವೇ ತಿಳಿಯದೆ ಹೋದ ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

"ನಾನು ಬಿಟ್ಬಿಡಿ ಅಂದದ್ದು ನಿನ್ನ ತಮ್ಮನ್ನ ಅಲ್ಲ ಕಣಮ್ಮಾ," ಅಂದಳು ಕೊನೆಗೆ. "ನನ್ನನ್ನ ಬಿಟ್ಬಿಡಿ ಅಂದೆ. ಅವರು ಹಾಗೆ ತಿಳ್ಕೊಂಡ್ರು. ಇದನ್ನ ನಿನಗೆ ಮೊದಲೇ ಹೇಳ್ಬೇಕಿತ್ತು."

ಅಕ್ಕನ ಮುಖದಲ್ಲಿ ಆದ ಬದಲಾವಣೆಯನ್ನು ಅವಳು ನೋಡಲೇಬೇಕಾಯಿತು. ಅಕ್ಕ ಒಂದೆರಡು ಸಲ ತಲೆ ಆಡಿಸಿ, ಡ್ಯೂಟಿಗೆ ಹೊತ್ತಾಯಿತು ಎಂದು ಹೊರಟಳು. ಬಾಗಿಲ ತನಕ ಹೋಗಿ, ನಾನು ಹೇಳಿದ್ದು ನಿಮ್ಮಲ್ಲೇ ಇರಲಿ ಎಂದೇನಾದರೂ ಕೇಳಿಕೊಂಡಾಳೇ ಎಂದು ಇಸ್ತ್ರಿಯಮ್ಮ ಕಾದಳು. ಕೇಳಿಕೊಳ್ಳಲಿಲ್ಲ.

ಮೇಜಿನ ಮೇಲಿನ ಬಟ್ಟೆ ಸರಿಸಿ, ಹಾಸಿದ ಕಂಬಳಿಯ ಮೇಲೆ ಒಂದು ರಟ್ಟು ಇಟ್ಟು, ‘ಮಾನ್ಯರೇ’ಯ ಕಾಗದ ತೆಗೆದಳು. ಅಕ್ಷರ ದುಂಡಗೆ ಬರಲಿ ಎಂದು ನಿಧಾನಕ್ಕೆ ಬರೆದಳು.

‘ನನಗೆ ಆಕ್ಷೇಪಣೆ ಇದೆ. ಟೀವಿಯಲ್ಲಿ ನಾನಾಡಿದ ಮಾತು ನಿಮ್ಮ ಕೈದಿಗಳ ಬಗ್ಗೆ ಅಲ್ಲ. ಅದನ್ನು ಯಾರ ಬಿಡುಗಡೆಗೂ ಬಳಸಬೇಡಿ, ಪಟ್ಟಿಯಲ್ಲಿರುವ ದೊಡ್ಡವರ ಬಿಡುಗಡೆಗಂತೂ ಬೇಡವೇ ಬೇಡ. ನನ್ನ ಮಗನನ್ನು ಕೊಂದವನು ಹೊಡೆದದ್ದಕ್ಕೆ ಕ್ಷಮೆ ಕೇಳಿದ್ದಾನೆ. ಬೀಗ ಹಾಕಿದ್ದಕ್ಕೆ ಕೇಳಿಲ್ಲ. ಕೇಳದೆ ಇರುವುದನ್ನು ನಾನು ಹೇಗೆ ಕೊಡಲಿ? ಅದರ ವಿಷಯ ಅವನು ತನ್ನ ಕೈಯಾರೆ ಬರೆದು ಮತ್ತೆ ಅರ್ಜಿ ಹಾಕಿದರೆ ನನ್ನನ್ನು ಮತ್ತೆ ಕೇಳಿ.’

ಸೊಸೆ ಭುಜದ ಹಿಂದೆ ನಿಂತು ಓದುತ್ತಿದ್ದಳು. ಅವಳ ಉಸಿರು ಕಿವಿಗೆ ತಾಗುತ್ತಿತ್ತು.

"ಕರೆದದ್ದು ಕೇಳಿಸಿತ್ತು ಅಂತ ಬರೀರಿ, ಅತ್ತೆ."

ಇಸ್ತ್ರಿಯಮ್ಮ ಪೆನ್ನನ್ನು ಕಾಗದದಿಂದ ಎತ್ತಿದಳು.

"ಅದೊಂದನ್ನ ಬರೆದ್ರೆ ಅವನು ಯಾವತ್ತೂ ಆಚೆ ಬರಲ್ಲ. ಅವನ ಅಕ್ಕನೇ ಬಂದು ಹೇಳಿದಾಳೆ. ಬರೀರಿ."

"ಅದು ಅವನು ಬರೀಬೇಕಾದ್ದು."

"ಅವನು ಬರೀದೇ ಇದ್ರೆ?"

"ಬರೀದೇ ಇದ್ರೆ ಅಲ್ಲೇ ಇರ್ತಾನೆ. ಆದರೆ ಆ ಹೆಣ್ಣುಮಗಳು ತಾನಾಗಿ ಬಂದು, ನಂಬಿ ಹೇಳಿದ್ದನ್ನ ತಗೊಂಡು ಅವಳ ತಮ್ಮನ ತಲೆ ಮೇಲೆ ನಾನು ಹೊಡೆಯಲ್ಲ ಕಣೇ."

ಸೊಸೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನಾದರೂ ಹೊಡೆದುಹಾಕಿ, ಮತ್ತೆ ಕೇಳುವುದೇನಿದೆ ಎಂದಳು. ಅತ್ತೆ ಹೊಡೆದುಹಾಕಲಿಲ್ಲ. ತನ್ನ ಕೈಯ ಪೆನ್ನನ್ನು ಅವಳತ್ತ ಚಾಚಿದಳು. ನೀನು ನನ್ನ ಮಗನ ಹೆಂಡತಿ, ನಿನಗೆ ಬರೆಯಬೇಕಾದ್ದನ್ನು ನೀನು ಬರೆ, ನನ್ನದರ ಕೆಳಗೆ ಜಾಗ ಇದೆ ಎಂದಳು.

ಸೊಸೆ ಪೆನ್ನು ಹಿಡಿದು ಬಹಳ ಹೊತ್ತು ನಿಂತಳು. ಕೂಗಿನ ವಿಷಯ ಬರೆದೇ ಬಿಡುತ್ತಾಳೆ ಎಂದು ಇಸ್ತ್ರಿಯಮ್ಮ ಒಳಗೊಳಗೇ ಗಟ್ಟಿಯಾದಳು. ಕೈ ಹಿಡಿದು ತಡೆಯುವ ಹಕ್ಕು ತನಗಿಲ್ಲ. ಸೊಸೆ ಬಗ್ಗಿ ಎರಡೇ ವಾಕ್ಯ ಬರೆದಳು, ಕಾಗದ ಹರಿಯುವಷ್ಟು ಒತ್ತಿ: ‘ನನಗೂ ಆಕ್ಷೇಪಣೆ ಇದೆ. ನನ್ನನ್ನು ಮತ್ತೆ ಕೇಳಬೇಡಿ.’

ಇಬ್ಬರೂ ರುಜು ಹಾಕಿದರು. ಒಂದೇ ಕಾಗದದಲ್ಲಿ ಅತ್ತೆ ಮತ್ತೆ ಕೇಳಿ ಎಂದದ್ದೂ ಇತ್ತು, ಸೊಸೆ ಮತ್ತೆ ಕೇಳಬೇಡಿ ಎಂದದ್ದೂ ಇತ್ತು. ಓದುವವರು ತಲೆ ಕೆರೆದುಕೊಳ್ಳಲಿ ಎಂದಳು ಇಸ್ತ್ರಿಯಮ್ಮ. ಸೊಸೆ ನಗಲಿಲ್ಲ, ಆದರೆ ಲಕೋಟೆ ತಂದುಕೊಟ್ಟಳು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ನಡೆಯಿರಿ, ನಾನು ಅಂಗಡಿ ನೋಡಿಕೊಳ್ಳುತ್ತೇನೆ ಎಂದಳು.

ಅಂಚೆ ಕಚೇರಿಯಲ್ಲಿ ಒಂದೇ ಕಿಟಕಿ ತೆರೆದಿತ್ತು. ಗುಮಾಸ್ತೆ ಲಕೋಟೆಯ ಮೇಲಿನ ವಿಳಾಸ ಓದಿ, ತಲೆಯೆತ್ತಿ ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಗುರುತು ಸಿಕ್ಕಿತ್ತು. ರಿಜಿಸ್ಟರೇ ಎಂದಷ್ಟೇ ಅಂದಳು.

"ರಿಜಿಸ್ಟರ್ ಮಾಡಮ್ಮ. ಸಭೆಗೆ ಮೊದಲು ಮುಟ್ಟಬೇಕು."

ಇವತ್ತಿನ ಗಾಡಿಗೆ ಹಾಕಿದರೆ ನಾಳೆ ಮುಟ್ಟುತ್ತದೆ ಎಂದಳು ಗುಮಾಸ್ತೆ. ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು. ಚೀಲದ ಬಾಯಿ ಕಟ್ಟಿ ಗಾಡಿಯವನು ಹೊತ್ತುಕೊಂಡು ಹೋಗುವ ತನಕ ಇಸ್ತ್ರಿಯಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.