ಐದೆಕರೆಯವರ ಹೊಲ ಎಷ್ಟು ಎಕರೆ?

ನನ್ನ ಗಂಡನನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ‘ಐದೆಕರೆ’. ಅವರ ತಾತನ ಕಾಲದಿಂದ ನಮ್ಮ ಹೊಲಕ್ಕೆ ‘ಐದೆಕರೆ ಹೊಲ’ ಎಂದು ಹೆಸರು. ಅದೇ ಹೆಸರು ಮನುಷ್ಯರಿಗೂ ಅಂಟಿಕೊಂಡಿತು. ನಾನು ಐದೆಕರೆಯವರ ಹೆಂಡತಿ. ಹಾಗೆ ಹೇಳಿಕೊಳ್ಳಲು ನನಗೆ ಬಲು ಜಂಬ.

ಆದರೆ ಈ ಸಲ ಮೆಕ್ಕೆಜೋಳ ಮಾರಿ ಬಂದ ದಿನ ಅವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಳಿತುಬಿಟ್ಟರು.

"ಒಟ್ಟು ಎಂಬತ್ತೈದು ಕ್ವಿಂಟಾಲ್ ಕಣೇ. ಎಕರೆಗೆ ಬರೀ ಹದಿನೇಳು. ಅಕ್ಕಪಕ್ಕದವರಿಗೆಲ್ಲ ಇಪ್ಪತ್ತು ಬಂದಿದೆ. ಬೀಜ ಅದೇ, ಗೊಬ್ಬರ ಅದೇ, ನೀರೂ ಅದೇ. ನನಗೆ ಬೇಸಾಯ ಬರಲ್ಲ ಬಿಡು. ಹೊಲ ಗುತ್ತಿಗೆಗೆ ಕೊಟ್ಟು ಹಿಟ್ಟಿನ ಗಿರಣಿ ಕೆಲಸಕ್ಕೆ ಹೋಗ್ತೀನಿ."

ಗಿರಣಿ ಕೆಲಸ ಕೀಳೆಂದಲ್ಲ. ಮಗುವನ್ನು ನೋಡಿಕೊಂಡ ಹಾಗೆ ಪೈರು ನೋಡಿಕೊಳ್ಳುವ ಮನುಷ್ಯ ‘ನನಗೆ ಬೇಸಾಯ ಬರಲ್ಲ’ ಎಂದರೆ ಹೇಗೆ ಸಹಿಸಲಿ? ಅವರ ಅಕ್ಕನಿಗೆ ಫೋನ್ ಮಾಡಿದೆ. ಆಕೆ ಹಿಂದಿನ ಬೀದಿಯಲ್ಲೇ ಇರುವುದು. ತಾನೂ ಮೆಕ್ಕೆಜೋಳ ಬೆಳೆಯುತ್ತಾಳೆ, ರೈತರ ಗುಂಪನ್ನೂ ನಡೆಸುತ್ತಾಳೆ. ಬಂದವಳೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ಎಷ್ಟು ಬೆಳೆದ್ರಿ ಅಂತ ಎಲ್ಲರನ್ನೂ ಕೇಳ್ತೀಯ. ಎಕರೆಗೆ ಎಷ್ಟು ಖರ್ಚಾಯ್ತು ಅಂತ ಯಾರನ್ನಾದ್ರೂ ಕೇಳಿದೀಯೇನೋ?"

"ನಾನ್ಯಾಕೆ ಕೇಳ್ಲಿ? ಆಮೇಲೆ ಅವರೂ ನನ್ನನ್ನ ಕೇಳ್ತಾರೆ. ಮನೆ ಗುಟ್ಟು ರಟ್ಟು ಮಾಡ್ಕೊಳ್ಳೋಕಾ?"

"ಗುಟ್ಟಂತೆ ಗುಟ್ಟು! ಗೊಬ್ಬರದ ಅಂಗಡಿಯವನಿಗೆ ಗೊತ್ತಿಲ್ಲದ ಗುಟ್ಟು ನಿನ್ನ ಹತ್ರ ಏನಿದೆ? ತನ್ನ ಬೆನ್ನು ತನಗೆ ಕಾಣಲ್ಲ ಕಣೋ, ಇನ್ನೊಬ್ಬರು ನೋಡಿ ಹೇಳ್ಬೇಕು."

"ನಮ್ಮ ಮಣ್ಣೇ ಸತ್ತಿದೆ ಅಕ್ಕ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಳೆ ಗುಂಪಿಗೆ ಬಾ, ಆಮೇಲೆ ಮಾತು."

ಮರುದಿನ ಗುಂಪಿನ ಗೋದಾಮಿನಲ್ಲಿ, ಖಾಲಿ ಚೀಲಗಳ ಮೇಲೆ ಎಲ್ಲರೂ ಕುಳಿತೆವು. ಗೋಡೆಗೆ ಒರಗಿಸಿದ ಕಪ್ಪು ಹಲಗೆಯ ಮೇಲೆ ಅಕ್ಕ ಉಳುಮೆ, ಬೀಜ, ಗೊಬ್ಬರ, ಕಳೆ, ಕಟಾವು, ಕೊನೆಗೆ ಇಳುವರಿ ಎಂದು ಬರೆದಳು. ಪ್ರತಿಯೊಬ್ಬರೂ ತಮ್ಮ ಖರ್ಚನ್ನು ಎಕರೆ ಲೆಕ್ಕದಲ್ಲಿ ಹೇಳಬೇಕು. ನಮ್ಮವರು ಬಾಗಿಲ ಪಕ್ಕದಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಕುಳಿತಿದ್ದರು.

"ಕಳೆಗೆ ಖರ್ಚಿಲ್ಲ, ಮನೆಯವಳೇ ಕೀಳ್ತಾಳೆ," ಎಂದರು.

ನಾನು ಸುಮ್ಮನಿರುತ್ತೇನೆಯೇ? "ಏನ್ರೀ, ನಾನೇನು ಗಾಳಿ ಕುಡ್ಕೊಂಡು ಬದುಕ್ತೀನಾ? ಕೂಲಿಯವರಾಗಿದ್ರೆ ಕೊಡ್ತಿರ್ಲಿಲ್ವಾ? ನನ್ನ ಕೂಲಿನೂ ಬರೀರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ನನ್ನ ಕೂಲಿಯನ್ನೂ ಬರೆದಳು. ಆಮೇಲೆ ಹಲಗೆಯನ್ನೇ ದಿಟ್ಟಿಸುತ್ತಾ ನಿಂತಳು.

"ಬೀಜ, ಗೊಬ್ಬರದಲ್ಲಿ ನೀನು ಎಲ್ಲರ ಸಮ. ಉಳುಮೆಗೆ, ಕಟಾವಿಗೆ ಮಾತ್ರ ಎಲ್ಲರಿಗಿಂತ ಕಡಿಮೆ. ಎಲ್ಲರಿಗೂ ಅದೇ ಟ್ರ್ಯಾಕ್ಟರು, ಅದೇ ಕಟಾವಿನ ಮಷೀನು, ಗಂಟೆಗೆ ಅದೇ ಬಾಡಿಗೆ. ಅದ್ಹೇಗೋ?"

"ನನ್ನ ಮಣ್ಣು ಬೆಣ್ಣೆ ಇದ್ದ ಹಾಗಿದೆ."

"ನಿನ್ನೆ ಸತ್ತಿದೆ ಅಂದೆ, ಇವತ್ತು ಬೆಣ್ಣೆ ಆಯ್ತಾ? ಟ್ರ್ಯಾಕ್ಟರು ಓಡಿದ್ದೂ ಕಡಿಮೆ, ಬೆಳೆ ಬಂದಿದ್ದೂ ಕಡಿಮೆ. ನಿನ್ನ ಹೊಲ ಎಷ್ಟಿದೆಯೋ?"

"ಐದೆಕರೆ! ಹೆಸರೇ ಹೇಳುತ್ತಲ್ಲ!"

"ಅಳೆದಿದ್ದು ಯಾವಾಗ?"

ಅಳೆದದ್ದು ತಾತ.

ಗುಂಪಿಗೆ ಗುಂಪೇ ನಮ್ಮ ಹೊಲಕ್ಕೆ ಬಂತು. ಅಕ್ಕ ಫೋನಿನಲ್ಲಿ ನೆಲ ಅಳೆಯುವ ಆ್ಯಪ್ ತೆರೆದು, ಬಿತ್ತನೆಯಾಗುವ ನೆಲದ ಅಂಚಿನಲ್ಲೇ ಒಂದು ಸುತ್ತು ನಡೆದಳು. ಫೋನು ನಾಲ್ಕು ಎಕರೆ ತೋರಿಸಿತು. "ಫೋನಿಗೇನು ಗೊತ್ತು ಬೇಸಾಯ?" ಎಂದು ನಮ್ಮವರು ಟೇಪು ತರಿಸಿ ತಾವೇ ಎಳೆದರು. ಟೇಪೂ ನಾಲ್ಕೇ ಎಂದಿತು. ಮಾವನವರ ಕಾಲದಲ್ಲಿ ರಸ್ತೆ ಅಗಲ ಮಾಡಿದಾಗ ಒಂದಿಷ್ಟು ಹೋಗಿತ್ತು. ಕಾಲುವೆ ತೋಡಿದಾಗ ಇನ್ನೊಂದಿಷ್ಟು. ಕಣ, ಕೊಟ್ಟಿಗೆ, ಬದುವಿನ ಮರಗಳೆಂದು ನಾವೇ ಉಳಿದದ್ದನ್ನು ತಿಂದಿದ್ದೆವು. ನೆಲ ಕರಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು.

ಅವರು ಬದುವಿನ ಮೇಲೆ ಕುಸಿದು ಕುಳಿತರು. ನನಗೆ ಅಳುವೇ ಬಂತು. ಇದ್ದ ಹೆಸರೂ ಹೋಯಿತಲ್ಲ!

"ಎಂಬತ್ತೈದನ್ನ ನಾಲ್ಕರಲ್ಲಿ ಭಾಗಿಸೋ," ಎಂದಳು ಅಕ್ಕ.

ಅವರ ತುಟಿ ಅಲುಗಿತು. "ಇಪ್ಪತ್ತೊಂದು... ಮೇಲೆ ಚೂರು."

"ಹಲಗೆ ಮೇಲೆ ಅಷ್ಟು ಯಾರದ್ದಿತ್ತು?"

ಯಾರದ್ದೂ ಇರಲಿಲ್ಲ.

"ಕುಣಿಯೋರದ್ದೂ ತಪ್ಪಿಲ್ಲ, ನೆಲದ್ದೂ ತಪ್ಪಿಲ್ಲ. ಆದರೆ ಇಲ್ಲದ ಒಂದೆಕರೆಗೆ ವರ್ಷ ವರ್ಷ ಬೀಜ, ಗೊಬ್ಬರ ಸುರಿದೆಯಲ್ಲೋ ಮಾರಾಯ!"

ನಮ್ಮವರು ಎದ್ದು ಬಟ್ಟೆಯ ಧೂಳು ಕೊಡವಿಕೊಂಡರು. ನನ್ನ ಕಡೆ ತಿರುಗಿ, "ಗುತ್ತಿಗೆ ಮಾತು ಇನ್ನೊಂದ್ಸಲ ಎತ್ತಬೇಡ," ಎಂದರು. ಎತ್ತಿದ್ದು ನಾನಂತೆ! ಆದರೂ ಆ ಮಾತು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಮುಂದಿನ ಬಿತ್ತನೆಗೆ ಅಂಗಡಿಗೆ ಹೋದಾಗ ಅಂಗಡಿಯವರು, "ಏನು ಐದೆಕರೆ, ಎಂದಿನಂತೆ ಐದೆಕರೆಗಾ?" ಎಂದು ಕೇಳಿದರು.

"ನಾಲ್ಕೆಕರೆಗೆ ಕೊಡಿ. ಹೆಸರೂ ಇನ್ಮೇಲೆ ನಾಲ್ಕೆಕರೆ. ಎಕರೆಗೆ ಇಪ್ಪತ್ತೊಂದು ಕ್ವಿಂಟಾಲ್ ಬೆಳೆಯೋ ನಾಲ್ಕೆಕರೆ!" ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಅಣ್ಣಂದಿರೇ, ಅಕ್ಕಂದಿರೇ, ಬಿತ್ತುವ ನೆಲವನ್ನು ಮೊದಲು ಅಳೆಯಿರಿ. ಎಕರೆಗೆ ಎಷ್ಟು ಖರ್ಚಾಯಿತೆಂದು ಬರೆದಿಡಿ, ಮನೆಯವರ ದುಡಿಮೆಯನ್ನು ಬಿಡಬೇಡಿ. ಆ ಲೆಕ್ಕವನ್ನು ನಾಲ್ಕು ಜನರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ಹೆಚ್ಚುಕಡಿಮೆ ಕಂಡರೂ ‘ಯಾಕೆ’ ಎಂದು ಕೇಳಿ. ತಪ್ಪು ಲೆಕ್ಕಕ್ಕೆ ಹೆದರಿ ಒಳ್ಳೆಯ ಹೊಲವನ್ನು ಬಿಟ್ಟುಕೊಡಬೇಡಿ. ನಾನೀಗ ನಾಲ್ಕೆಕರೆಯವರ ಹೆಂಡತಿ. ಜಂಬ ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.